ಹನ್ನೊಂದು ಗಂಟೆಯ ಬಿಸಿಲು

ಬೆಳಿಗ್ಗೆ ಹನ್ನೊಂದು ಗಂಟೆ. ಬಿಸಿಲು ಕ್ರಿಸ್ಮಸ್ ಗೋದಲಿಯ ಮಗುವಿನ ಮೇಲೆ ಬೀಳಬೇಕಿತ್ತು. ಬೀಳಲಿಲ್ಲ.

ನಾನೊಂದು ಗಾಜಿನ ಹೆಂಚು. ಆ ಬಿಸಿಲನ್ನು ಒಳಗೆ ಬಿಡುತ್ತಿದ್ದದ್ದು ನಾನೇ. ಚರ್ಚಿನ ಹಿಂದಿನ ಶಿಶುವಿಹಾರದ ಮಾಡಿನಲ್ಲಿ, ಕೆಂಪು ಹೆಂಚುಗಳ ನಡುವೆ ಒಂಟಿಯಾಗಿದ್ದೆ. ಅಲ್ಲಿಗೆ ಹೇಗೆ ಬಂದೆನೆಂದು ಮೊದಲು ಹೇಳಬೇಕು.

ಹುಟ್ಟಿದ್ದು ದೂರದ ಗಾಜಿನ ಕಾರ್ಖಾನೆಯಲ್ಲಿ. ಕರಗಿದ ಗಾಜನ್ನು ಅಚ್ಚಿಗೆ ಸುರಿದು ಒತ್ತಿದರು. ಆಕಾರ ಮಣ್ಣಿನ ಹೆಂಚಿನದೇ, ಗುಣ ಮಾತ್ರ ಬೇರೆ. ಅದು ಬಿಸಿಲನ್ನು ತಡೆಯುತ್ತದೆ, ನಾನು ಬಿಡುತ್ತೇನೆ. ಒಣಹುಲ್ಲಿನಲ್ಲಿ ಸುತ್ತಿ ಕರಾವಳಿಗೆ ಕಳಿಸಿದರು. ಮೊದಲು ಸೇರಿದ್ದು ಒಂದು ಅಡುಗೆಮನೆ. ಆ ಮನೆಯ ಹೆಂಗಸು ನನ್ನ ಬೆಳಕಿನಲ್ಲಿ ಕೂತು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಬೆಳಕು ಸರಿದರೆ ತಾನೂ ಸರಿದು ಕೂರುತ್ತಿದ್ದಳು. ಯಾಕೆ ಸರಿಯಿತೆಂದು ಒಂದು ದಿನವೂ ತಲೆ ಎತ್ತಲಿಲ್ಲ. ಒಲೆಯ ಹೊಗೆಗೆ ನಾನು ಕಪ್ಪಾದೆ.

ಆ ಮನೆ ಕೆಡವಿ ತಾರಸಿ ಕಟ್ಟಿದರು. ಅದೇ ತಿಂಗಳು ಚರ್ಚಿನಲ್ಲಿ ಬೆಳೆಹಬ್ಬ. ಸಭೆಯವರು ಮೊದಲ ಬೆಳೆಯನ್ನು ದೇವರಿಗೆ ಒಪ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅದರ ಏಲಂ ನಡೆಯುತ್ತದೆ. ತಾರಸಿ ಮನೆಯಲ್ಲಿ ಬೆಳೆ ಎಲ್ಲಿಯದು? ನನ್ನನ್ನು ತಿಕ್ಕಿ ತೊಳೆದು ತಂದು, ಸಿಹಿಗುಂಬಳಕ್ಕೂ ಕಾಲು ಕಟ್ಟಿದ ಹೇಂಟೆಗೂ ನಡುವೆ ಇಟ್ಟರು.

"ಇದು ಯಾವ ಗದ್ದೆಯಲ್ಲಿ ಬೆಳೆದದ್ದು ಮಾರಾಯ್ರೆ?" ಎಂದು ಯಾರೋ ಕೇಳಿದರು. ಅಂಗಳವೆಲ್ಲ ನಕ್ಕಿತು. ಹೇಂಟೆಗೆ ಪೈಪೋಟಿ ನಡೆಯಿತು. ನನಗೆ ಬೆಲೆ ಕೂಗಿದವರು ಶಿಶುವಿಹಾರದ ಹೆಪ್ಸಿಬಾ ಟೀಚರ್ ಒಬ್ಬರೇ.

ಮಾಡಿನ ಮೇಲಿಂದ ಮುಖ ಕಾಣುವುದು ಅಪರೂಪ. ಜನರನ್ನು ನೆತ್ತಿಯಿಂದಲೇ ಗುರುತಿಸಬೇಕು. ನರೆತ ತುರುಬು, ಅದರಲ್ಲಿ ಸಿಕ್ಕಿಸಿ ಮರೆತ ಪೆನ್ಸಿಲು: ಅದು ಹೆಪ್ಸಿಬಾ ಟೀಚರ್. ಎರಡು ಜಡೆಯ ನಡುವಿನ ಸೊಟ್ಟ ಬೈತಲೆ: ಮಿಸ್ರಿಯಾ ಎಂಬ ಹುಡುಗಿ. ಹೊಳೆಯುವ ಬೋಳುತಲೆ: ಶಾಲೆಯ ಸಂಚಾಲಕ ಕ್ಲೆಮೆಂಟ್ ಕರ್ಕಡ.

ಮಳೆ ಕಳೆದು ಅಕ್ಟೋಬರಿನ ಮೊದಲ ವಾರ ಬಿಸಿಲು ಗಟ್ಟಿಯಾಯಿತು. ಒಂದು ದಿನ ಎಲ್ಲರೂ 'ಆನೆ' ಬರೆಯುತ್ತಿದ್ದಾಗ ಮಿಸ್ರಿಯಾ ಸ್ಲೇಟು ಬಿಟ್ಟು ನೆಲದ ಮೇಲೆ ಬೋರಲು ಮಲಗಿದ್ದಳು.

"ಎಂತ ಮಾಡ್ತಿದ್ದಿ?"

"ಬಿಸಿಲು ನಡೀತಾ ಉಂಟು ಟೀಚರ್. ಕಾಲೇ ಇಲ್ಲ ಅದಕ್ಕೆ."

ಟೀಚರ್ ಬೈಯಲಿಲ್ಲ, ಉತ್ತರವನ್ನೂ ಹೇಳಲಿಲ್ಲ. ಕೈಗೆ ಸೀಮೆಸುಣ್ಣ ಕೊಟ್ಟರು. "ಈಗ ಎಲ್ಲಿ ಉಂಟೋ ಅಲ್ಲಿ ಗೀಟು ಎಳಿ. ಮತ್ತೆ ನೋಡುವ."

ಅಂದಿನಿಂದ ಆ ಕೋಣೆಗೆ ನೆಮ್ಮದಿಯಿಲ್ಲ. ಕೂತ ಮಗು ಕೂತಲ್ಲಿರುವುದಿಲ್ಲ. ಮೋಡ ಬಂದರೆ ಒಂದು ಕಿರುಚಾಟ, ಹೋದರೆ ಇನ್ನೂ ದೊಡ್ಡದು. ಹನ್ನೊಂದರ ಗಂಟೆ ಹೊಡೆಯುವಾಗ ಬಿಸಿಲು ಬೀಳುವ ಜಾಗಕ್ಕೆ, ಅಳಿಸಿ ಹೋಗಬಾರದೆಂದು ಮಕ್ಕಳೇ ಬಿಳಿ ಪೈಂಟಿನ ಚೌಕ ಬರೆದರು.

ಕರ್ಕಡರು ಬಾಗಿಲಲ್ಲಿ ನಿಂತು ನೋಡಿದರು. "ಟೀಚರ್, ಈ ಮಕ್ಕಳಿಗೆ ಎಬಿಸಿಡಿ ಬರುದಿಲ್ಲ, ಬಿಸಿಲಿನ ಹಿಂದೆ ಓಡ್ಲಿಕ್ಕೆ ಬರ್ತದೆ. ಅಪ್ಪ ಅಮ್ಮ ಬಂದು ನನ್ನ ಹತ್ರ ಕೇಳ್ತಾರೆ. ಕ್ರಿಸ್ಮಸ್ ಕಳೀಲಿ, ಸೀಲಿಂಗ್ ಹೊಡೆಸಿ ಸ್ಮಾರ್ಟ್ ಬೋರ್ಡ್ ಇಡುವ. ಈ ಗಾಜು ತೆಗೀಬೇಕು. ಈ ಆಟವೂ ನಿಲ್ಲಬೇಕು."

"ಅವರು ಕಂಡುಹಿಡಿದದ್ದನ್ನು ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಒಮ್ಮೆ ನೋಡಿ. ಮತ್ತೆ ನೀವು ಹೇಳಿದ ಹಾಗೆ."

ಮಕ್ಕಳು ಕಂಡುಹಿಡಿದದ್ದು ಇಷ್ಟು: ಹನ್ನೊಂದಕ್ಕೆ ಬಿಸಿಲು ಆ ಚೌಕಕ್ಕೇ ಬರುತ್ತದೆ. ಹಾಗಾದರೆ ಗೋದಲಿಯನ್ನು ಅಲ್ಲೇ ಇಡುವುದು. ಬೇತ್ಲೆಹೇಮಿನ ನಕ್ಷತ್ರ ಬಂದು ಮಗುವಿನ ಮೇಲೆ ನಿಂತ ಹಾಗೆ ಈ ಬಿಸಿಲೂ ಬಂದು ನಿಲ್ಲುತ್ತದೆ.

ದಸರಾ ರಜೆ ಕಳೆದು ನವೆಂಬರಿನಲ್ಲಿ ತಾಲೀಮು ಶುರುವಾಯಿತು. ದಿನವೂ ಹನ್ನೊಂದಕ್ಕೆ ಮಕ್ಕಳೂ ಟೀಚರೂ ಚರ್ಚಿನೊಳಗೆ ಹಾಡು ಕಲಿಯುತ್ತಿದ್ದರು. ಇತ್ತ ಖಾಲಿ ಕೋಣೆಯಲ್ಲಿ ಬಿಸಿಲು ಚೌಕ ಬಿಟ್ಟು, ದಿನಕ್ಕಿಷ್ಟರಂತೆ ಉತ್ತರದ ಗೋಡೆಯತ್ತ ಜರುಗುತ್ತಿತ್ತು. ಸೂರ್ಯ ದಕ್ಷಿಣಕ್ಕೆ ಇಳಿದಷ್ಟೂ ಅದು ಉತ್ತರಕ್ಕೆ ಓಡುತ್ತದೆ. ನೋಡಿದ್ದು ನಾನೊಂದೇ. ನನಗೆ ಬಾಯಿಲ್ಲ.

ರಜೆಯ ಹಿಂದಿನ ದಿನ ಕಾರ್ಯಕ್ರಮ. ಚೌಕದ ಮೇಲೆ ಗೋದಲಿ, ಸುತ್ತ ಮಕ್ಕಳು. ಉತ್ತರದ ಬದಿಯಲ್ಲಿ ಸಾಲು ಕುರ್ಚಿ, ಮೊದಲ ಕುರ್ಚಿಯಲ್ಲಿ ಕರ್ಕಡರು. ಗಂಟೆ ಹೊಡೆಯಿತು. ಕುರಿ ಕಾಯುವವಳಾಗಿದ್ದ ಮಿಸ್ರಿಯಾ ಕೈ ಎತ್ತಿ, "ನೋಡಿ, ಬಂತು!" ಎಂದಳು.

ಬಿಸಿಲು ಐದು ಅಡಿ ಆಚೆ, ಕರ್ಕಡರ ಪಾಲಿಶ್ ಮಾಡಿದ ಬೂಟಿನ ಮೇಲೆ ಬಿದ್ದಿತ್ತು.

"ಸ್ವಾಮಿಯನ್ನು ಬಿಟ್ಟು ಸಂಚಾಲಕರನ್ನು ಹಿಡೀತಲ್ಲ!" ಎಂದರು ಹಿಂದೆ ಕೂತ ಒಬ್ಬರು. ನಗು ಹರಡಿತು. ಹೆಪ್ಸಿಬಾ ಟೀಚರ್ ತಲೆ ತಗ್ಗಿಸಿದರು. ತುರುಬಿನ ಪೆನ್ಸಿಲು ಜಾರಿ ನೆಲಕ್ಕೆ ಬಿತ್ತು.

ಮಿಸ್ರಿಯಾ ನಗಲಿಲ್ಲ, ಅಳಲೂ ಇಲ್ಲ. ಸೀಮೆಸುಣ್ಣ ಹಿಡಿದು ಓಡಿದಳು. "ಅಂಕಲ್, ಕಾಲು ಅಲ್ಲಾಡಿಸ್ಬೇಡಿ!" ಬೂಟಿನ ಸುತ್ತ ಗೀಟು ಎಳೆದಳು. ಆಮೇಲೆ ತಿರುಗಿ, "ಟೀಚರ್, ನಕ್ಷತ್ರ ನಿಂತಿತ್ತಲ್ಲಾ. ಇದು ಯಾಕೆ ನಿಲ್ಲಲಿಲ್ಲ?" ಎಂದಳು.

"ನನಗೂ ತಿಳ್ಕೊಳ್ಬೇಕು ಮಗಾ," ಎಂದರು ಟೀಚರ್. ಬಿದ್ದ ಪೆನ್ಸಿಲು ಹೆಕ್ಕಿ ತುರುಬಿಗೆ ಸಿಕ್ಕಿಸಿದರು.

"ಅಂಕಲ್, ವಾಪಾಸ್ ಬರ್ತದಾ?"

"ಬರ್ತದೆ," ಎಂದರು ಕರ್ಕಡರು.

"ಯಾವಾಗ?"

ಗೊತ್ತಿಲ್ಲ ಎಂದು ಹೇಳಿ ಕರ್ಕಡರಿಗೆ ರೂಢಿಯಿರಲಿಲ್ಲ. ಎಲ್ಲರೂ ಕಾಯುತ್ತಿದ್ದರು. ಕೊನೆಗೆ, "ಅದು ಬಂದ ಮೇಲೆಯೇ ಸೀಲಿಂಗ್," ಎಂದರು.

ಜನವರಿಯಿಂದ ಯಾರೂ ಹನ್ನೊಂದಕ್ಕೆ ಬೇರೆಡೆ ಹೋಗಲಿಲ್ಲ. ಸೀಮೆಸುಣ್ಣದ ಗೀಟುಗಳು ಬೆರಳಗಲ, ಬೆರಳಗಲ ಹಿಂದೆ ಬಂದವು. ಮಾರ್ಚ್ ಎರಡನೆಯ ವಾರ ಕರ್ಕಡರನ್ನು ಕರೆದರು. ಗಂಟೆ ಹೊಡೆಯಿತು. ಬಿಸಿಲು ಚೌಕಕ್ಕೆ ಒಂದೂವರೆ ಅಡಿ ದೂರದಲ್ಲಿತ್ತು, ಈ ಸಲ ಪಶ್ಚಿಮಕ್ಕೆ.

ಕರ್ಕಡರು ಎದ್ದರು. "ಬರ್ಲಿಲ್ಲ ಟೀಚರ್. ನಾಳೆ ಸೀಲಿಂಗ್ ಹೊಡೀಲಿಕ್ಕೆ ಆಚಾರಿಗೆ ಹೇಳ್ತೇನೆ."

"ಕೂತ್ಕೊಳ್ಳಿ ಅಂಕಲ್," ಎಂದಳು ಮಿಸ್ರಿಯಾ. "ನಡೀತಾ ಉಂಟು."

ಅವರು ಕೂತರು. ಹನ್ನೊಂದು ಇಪ್ಪತ್ತು ದಾಟಿದ ಮೇಲೆ ಬಿಸಿಲು ಪೈಂಟಿನ ಚೌಕದಲ್ಲಿ ಅಂಚಿಗೆ ಅಂಚು ಕೂತಿತು. ಕರ್ಕಡರು ಕೈಗಡಿಯಾರ ನೋಡಿದರು. "ಜಾಗ ಅದೇ. ಹನ್ನೊಂದಕ್ಕೇ ಯಾಕೆ ಬರ್ಲಿಲ್ಲ?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡು ತಲೆ ಎತ್ತಿದರು. ಅವರ ಮುಖವನ್ನು ನಾನು ಮೊದಲ ಸಲ ನೋಡಿದ್ದು ಆಗ.

ಮಾತು ಮಾತೇ. ಏಪ್ರಿಲ್ ರಜೆಯಲ್ಲಿ ಸೀಲಿಂಗ್ ಬಂತು. ಆಚಾರಿ ನನ್ನನ್ನು ಕೀಳುವಾಗ ಒಂದು ಮೂಲೆ ಸೀಳಿತು. ಗುಜರಿಗೆ ಹಾಕಲು ಎತ್ತಿಕೊಂಡವನನ್ನು ಕರ್ಕಡರು ತಡೆದು, ಜಗಲಿಯ ಮಾಡಿಗೆ ನನ್ನನ್ನು ಹಾಕಿಸಿದರು. ಮಕ್ಕಳು ಚಪ್ಪಲಿ ಬಿಡುವ ಜಾಗ ಅದು. ಮಾಡು ತಗ್ಗು, ಇಲ್ಲಿ ಬಿಸಿಲು ಅಷ್ಟು ದೂರ ಓಡುವುದಿಲ್ಲ. ಸೀಳಿದ ಮೂಲೆಯಲ್ಲಿ ಈಗ ಪಾಚಿ ಹಿಡಿದಿದೆ. ಆದರೂ ನೆತ್ತಿಗಳ ಬದಲು ಮುಖಗಳು ಕಾಣುತ್ತವೆ. ಬೆಳಕು ಬೇಕಾದವರು ಕೆಳಗೆ ನೋಡುತ್ತಾರೆ, ಕಾರಣ ಬೇಕಾದವರು ಮೇಲೆ ನೋಡುತ್ತಾರೆ. ನನಗೆ ತಿಳಿದದ್ದು ಇಷ್ಟೇ.

ಮಳೆ ಮುಗಿದು ಮತ್ತೆ ಅಕ್ಟೋಬರ್ ಬಂತು. ಮಿಸ್ರಿಯಾ ಒಂದನೇ ತರಗತಿಗೆ ಹೋಗಿದ್ದಳು. ಹನ್ನೊಂದರ ಗಂಟೆ ಹೊಡೆದಾಗ ಹೆಪ್ಸಿಬಾ ಟೀಚರ್ ಹೊಸ ಮಕ್ಕಳನ್ನು ಜಗಲಿಗೆ ಕರೆತಂದರು. ಕರ್ಕಡರು ಅಲ್ಲಿ ಆಗಲೇ ಸೀಮೆಸುಣ್ಣ ಹಿಡಿದು ಕೂತಿದ್ದರು.