ನಾಲ್ಕು ಸೆಕೆಂಡಿನ ಹಸಿರು

ನಾನು ಅನುಮಾನಪಡುವುದಕ್ಕೆಂದೇ ಹುಟ್ಟಿದವನು. ಕೈಕಾಲಿಲ್ಲ, ಬಾಯಿಯಿಲ್ಲ. ನಾನೊಂದು ತಪಾಸಣೆಯ ತಂತ್ರಾಂಶ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ, ಔಷಧದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಒಂದು ಸಣ್ಣ ಕಂಪನಿ ಇತ್ತು. ಅಲ್ಲಿ ಒಂದು ಟೇಬಲ್ಲಿನ ಕೆಳಗೆ ಕರಿಯ ಕಂಪ್ಯೂಟರ್ ಪೆಟ್ಟಿಗೆ. ಅದರೊಳಗೆ ನನ್ನ ವಾಸ. ಹಾಗಾಗಿ ಜನರನ್ನು ನಾನು ಮುಖದಿಂದಲ್ಲ, ಪಾದರಕ್ಷೆಗಳಿಂದ ಗುರುತಿಸುತ್ತಿದ್ದೆ.

ನನ್ನನ್ನು ಮಾಡಿದವರು ನೀಲಗಂಗಾ ಕುಬಸದ. ಮೊದಲು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಸವೆದ ಕೊಲ್ಹಾಪುರಿ ಚಪ್ಪಲಿ. ಯೋಚನೆ ಬಂದಾಗ ಬಲಗಾಲಿನ ಚಪ್ಪಲಿ ಕಳಚಿ ಬೆರಳಿನಿಂದ ತಿರುಗಿಸುತ್ತಿದ್ದರು. ಮೂರು ತಿಂಗಳು ಹಾಗೆ ಚಪ್ಪಲಿ ತಿರುಗಿಸಿ ನನ್ನನ್ನು ಬರೆದರು. ಅವರ ತವರು ಸಂಶಿ. ನನಗೂ ಅದೇ ಹೆಸರಿಟ್ಟರು. ಸಂಶಯಕ್ಕೂ ಹೊಂದುತ್ತದೆ ಎಂದು ಒಬ್ಬರೇ ನಕ್ಕದ್ದು ನನಗೆ ನೆನಪಿದೆ.

ಕಂಪನಿಯ ಕೆಲಸ ಇಷ್ಟು. ಸುತ್ತಲಿನ ರೈತರು ಒಣಮೆಣಸಿನಕಾಯಿ ಚೀಲಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತಾರೆ. ಯಾವ ಚೀಲ ಯಾರದು, ಯಾರ ಒಪ್ಪಿಗೆಯಿಂದ ಹೊರಗೆ ಹೋಗಬೇಕು ಎಂಬ ಕರಾರನ್ನು ಕಾಗದದಲ್ಲಿ ಬರೆಯದೆ ಪ್ರೋಗ್ರಾಮಾಗಿ ಬರೆಯುವುದು. ಅದಕ್ಕೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎನ್ನುತ್ತಾರೆ. ಹಲವು ಊರುಗಳ ಕಂಪ್ಯೂಟರುಗಳು ಒಟ್ಟಿಗೆ ಕಾಯುವ ದಾಖಲೆಯಲ್ಲಿ ಅದನ್ನು ಒಮ್ಮೆ ಇಟ್ಟರೆ ಮುಗಿಯಿತು. ತಾನೇ ನಡೆಯುತ್ತದೆ, ಯಾರೂ ತಿದ್ದಲಾರರು. ಒಳಗೆ ತಪ್ಪಿದ್ದರೆ ಆ ತಪ್ಪನ್ನೂ ತಿದ್ದಲಾರರು. ಆದ್ದರಿಂದ ಇಡುವ ಮೊದಲೇ ಅನುಮಾನಪಡುವವನೊಬ್ಬ ಬೇಕಾಗಿದ್ದ.

ಯಾರಾದರೂ ಒಂದು ಸಾಲು ಬದಲಿಸಿ ಒಪ್ಪಿಸಿದರೆ ಸಾಕು, ಯಾರೂ ಕರೆಯದೆ ನಾನು ಎಚ್ಚರಗೊಳ್ಳುತ್ತಿದ್ದೆ. ಹತ್ತು ಚೀಲ ಇಟ್ಟು ತೆಗೆದು ನೋಡುವುದು ನನ್ನ ಕೆಲಸವಲ್ಲ. ಎಷ್ಟೇ ಚೀಲ, ಯಾವುದೇ ಕ್ರಮ, ಯಾರದೇ ಕೈ, ಬರಬಹುದಾದ ಎಲ್ಲ ಸನ್ನಿವೇಶಗಳಲ್ಲೂ ಮೂರು ನಿಯಮ ಉಳಿಯುತ್ತವೆ ಎಂದು ಗಣಿತದಿಂದ ರುಜುವಾತು ಮಾಡಬೇಕು. ಒಂದು ಚೀಲಕ್ಕೆ ಇಬ್ಬರು ಮಾಲೀಕರಿರಬಾರದು. ಮಾಲೀಕರ ಸಹಿ, ಅಂದರೆ ಅವರಿಗೊಬ್ಬರಿಗೇ ಗೊತ್ತಿರುವ ಗುಟ್ಟಿನ ನಂಬರು, ಇಲ್ಲದೆ ಚೀಲ ಹೊರಗೆ ಹೋಗಬಾರದು. ಮಾಲೀಕರು ತಮ್ಮ ಚೀಲ ಕೇಳಿದರೆ ತಡೆಯಬಾರದು. ಉಳಿದರೆ ಹಸಿರು ಬರೆಯುತ್ತಿದ್ದೆ. ಮುರಿದರೆ ಕೆಂಪು ಬರೆದು, ಹೇಗೆ ಮುರಿಯಿತೆಂದು ಹೆಜ್ಜೆ ಹೆಜ್ಜೆಯಾಗಿ ತೋರಿಸುತ್ತಿದ್ದೆ. ಕೆಂಪು ಬಿದ್ದ ಕೋಡು ಮುಂದೆ ಹೋಗುವಂತಿರಲಿಲ್ಲ.

ನನ್ನ ಮೊದಲ ಕೆಂಪು ಬಿದ್ದದ್ದು ಇಮ್ತಿಯಾಜ್ ಬಳಬಟ್ಟಿಯ ಕೋಡಿಗೆ. ಕಾಂಟ್ರ್ಯಾಕ್ಟ್ ಬರೆಯುತ್ತಿದ್ದವನು ಅವನೇ. ಕ್ಯಾನ್ವಾಸ್ ಬೂಟು, ಎರಡಕ್ಕೂ ಬೇರೆ ಬೇರೆ ಬಣ್ಣದ ಲೇಸು.

"ನನ್ನ ಕೋಡ್ ಸರಿ ಐತ್ರಿ ಮೇಡಮ್. ಹತ್ತು ಸಲ ಓಡಿಸಿ ನೋಡೀನಿ," ಅಂದ.

"ಅದು ಏನ್ ಹೇಳೈತಿ ಅನ್ನೂದು ಮೊದ್ಲ ಓದು."

ಅವನು ಓದಿದ. ಮಾಲೀಕನೊಬ್ಬ ಚೀಲವನ್ನು ತನ್ನ ಹೆಸರಿಗೇ ವರ್ಗಾಯಿಸಿಕೊಂಡರೆ ಒಂದು ಚೀಲ ಎರಡಾಗುತ್ತಿತ್ತು.

"ತನ್ನ ಚೀಲ ತನಗ ಯಾರ್ ಬರದುಕೊಳ್ತಾರ್ರಿ?"

"ಯಾರೂ ಬರದುಕೊಳ್ಳೂದಿಲ್ಲ ಅಂತ ನೀ ಅಂತಿ. ಅದು ಹಂಗ ನಂಬೂದಿಲ್ಲ."

ಇಮ್ತಿಯಾಜ್ ಬಗ್ಗಿ ನನ್ನ ಪೆಟ್ಟಿಗೆಯ ಧೂಳು ಒರೆಸಿದ. ಅಂದಿನಿಂದ ಕೋಡು ಒಪ್ಪಿಸುವಾಗಲೆಲ್ಲ ಅವನ ಬೂಟು ನೆಲಕ್ಕೆ ಸಣ್ಣಗೆ ಬಡಿಯುತ್ತಿತ್ತು. ಅವನು ನನಗೆ ಹೆದರುತ್ತಾನೆ ಎಂದುಕೊಂಡು ನಾನು ಬೀಗಿದೆ.

ವರ್ಷದ ಮೇಲೆ ನೀಲಗಂಗಾ ಅವರನ್ನು ಬೇರೆ ಕೆಲಸಕ್ಕೆ ಹಾಕಿದರು. ಟೇಬಲ್ಲು ಇಮ್ತಿಯಾಜನದಾಯಿತು, ನಾನೂ ಅವನ ಪಾಲಿಗೆ ಬಂದೆ. ಇಬ್ಬರ ಮೇಲೂ ಕಣ್ಣಿಟ್ಟವರು ಮ್ಯಾನೇಜರ್ ಸುಧೀಂದ್ರ ಕಟ್ಟಿ. ಹೊಳೆಯುವ ಕರಿ ಬೂಟು. ಆ ಬೂಟುಗಳು ನನ್ನ ಮುಂದೆ ಬಂದು ನಿಂತರೆ ಸುಲಭಕ್ಕೆ ಹೋಗುತ್ತಿರಲಿಲ್ಲ.

"ಒಂದ್ ಸಣ್ಣ ಬದಲಾವಣೆಗೆ ನಲವತ್ತು ನಿಮಿಷ ಕಾಯಬೇಕಂದ್ರ ಹ್ಯಾಂಗಪಾ? ಸ್ಟೋರೇಜಿನವ್ರು ದಿನಾ ಫೋನ್ ಮಾಡ್ಲಿಕ್ಕತ್ತಾರ. ಈ ಡಬ್ಬಿಗೆ ಎಲ್ಲಾರ ಮ್ಯಾಲೂ ಅನುಮಾನ ಅದ. ಸ್ವಲ್ಪ ಬ್ಯಾಗ ಮುಗಸೋ ಹಾಂಗ ಏನರೆ ಮಾಡು."

ಇಮ್ತಿಯಾಜ್ "ನೋಡ್ತೀನ್ರಿ ಸರ್" ಅಂದ.

ಅದಾಗಿ ಐದು ದಿನಕ್ಕೆ ಅವನು ಹೊಸದೊಂದು ಭಾಗ ಸೇರಿಸಿದ. ಅದರ ಹೆಸರು ತುರ್ತು ಬಿಡುಗಡೆ. ತಣ್ಣಗಿಡುವ ಯಂತ್ರ ಕೆಟ್ಟರೆ ಮಾಲೀಕರ ಸಹಿಗೆ ಕಾಯದೆ ಚೀಲಗಳನ್ನು ಬೇರೆ ಕಡೆ ಸಾಗಿಸುವ ಅಧಿಕಾರ ಅದರಿಂದ ಸ್ಟೋರೇಜಿನವರಿಗೆ ಸಿಗುತ್ತಿತ್ತು. ಸಹಿಯ ನಿಯಮಕ್ಕೆ ಆಪತ್ತಿನ ಹೊತ್ತಿನ ವಿನಾಯಿತಿ ಕೊಟ್ಟು, ನನಗಾಗಿಯೂ ಅವನು ಒಂದು ಸಾಲು ಬರೆದಿದ್ದ: ಇಲ್ಲಿ ಮಾಲೀಕರ ಸಹಿ ಇಲ್ಲ ಎಂದು ಇಟ್ಟುಕೊಂಡು ನೋಡು.

ನಾನು ಎದ್ದೆ. ಶುರುಮಾಡುವಷ್ಟರಲ್ಲಿ ಮುಗಿದುಹೋಯಿತು. ನಾಲ್ಕು ಸೆಕೆಂಡ್. ಮೂರು ನಿಯಮಕ್ಕೂ ಹಸಿರು.

ನಲವತ್ತು ನಿಮಿಷದ ದಾರಿ ನಾಲ್ಕು ಸೆಕೆಂಡಿನಲ್ಲಿ ಸವೆಯುವುದು ಹೇಗೆ? ವರದಿಯ ಕೊನೆಗೆ ಎಂದಿನಂತೆ ಲೆಕ್ಕ ಬರೆದೆ. ನೋಡಿದ ಸನ್ನಿವೇಶಗಳು: ಸೊನ್ನೆ. ಆ ಸಾಲನ್ನು ಯಾರಾದರೂ ಓದುತ್ತಾರೆಂದು ಕಾದೆ. ಹಸಿರು ಬಿದ್ದ ವರದಿಯನ್ನು ಯಾರೂ ಕೊನೆಯವರೆಗೆ ಓದುವುದಿಲ್ಲ. ಕರಿ ಬೂಟುಗಳು ಬಂದು, "ಭೇಷ್, ಈಗ ದಾರಿಗೆ ಬಂತು ನೋಡು" ಅಂದು ಹೋದವು.

ಆ ದಿನದಿಂದ ನನಗೆ ನೆಮ್ಮದಿಯಿಲ್ಲ. ಒಳಗೆ ಏನೋ ನಡೆದಿದೆ. ಯಾರು ಮಾಡಿದ್ದು? ಬೇಗ ಮುಗಿಸೆಂದು ಒತ್ತಾಯಿಸಿದವರು ಕಟ್ಟಿ. ಸಹಿ ಇಲ್ಲದೆ ಚೀಲ ಹೊರಹೋಗುವ ಬಾಗಿಲು ಬೇಕೆಂದವರು ಸ್ಟೋರೇಜಿನವರು. ಸಾಲು ಬರೆದವನು ಇಮ್ತಿಯಾಜ್. ಬೂಟು ಬಡಿಯುತ್ತಿದ್ದವನು ಈಗ ಕಾಲು ಚಾಚಿ ಕೂತಿದ್ದ. ತಪ್ಪು ಮಾಡಿದವರು ಹೀಗೆ ನಿರಾಳವಾಗಿ ಕೂರುತ್ತಾರೆಯೇ, ಮಾಡದವರು ಕೂರುತ್ತಾರೆಯೇ? ಕಾಲು ನೋಡಿ ಹೇಳುವುದು ಕಷ್ಟ. ಪ್ರತಿದಿನ ಹಸಿರು ಬರೆದೆ, ಪ್ರತಿದಿನ ಒಬ್ಬೊಬ್ಬರನ್ನೂ ಶಂಕಿಸಿದೆ.

ಕಾಂಟ್ರ್ಯಾಕ್ಟನ್ನು ದಾಖಲೆಗೆ ಏರಿಸಲು ಮೂರು ದಿನ ಉಳಿದಾಗ ರೈತರ ಪರವಾಗಿ ಒಬ್ಬರು ಬಂದರು. ಹಿರೇಹರಕುಣಿಯ ಶಾಂತವ್ವ ಮೂಲಿಮನಿ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದಿದ್ದರು. ಬರಿಗಾಲು, ಕಾಲುಂಗುರ, ಹಿಮ್ಮಡಿಯ ಬಿರುಕಿನಲ್ಲಿ ಕರಿಮಣ್ಣು. ಕಟ್ಟಿಯವರು ಕುರ್ಚಿ ಕೊಟ್ಟು, ಪರದೆ ತೋರಿಸಿ, ಬಹಳ ಹೊತ್ತು ವಿವರಿಸಿದರು.

"ನೀವು ಬರದದ್ದು ನನಗ ಓದಾಕ ಬರೂದಿಲ್ರಿ," ಅಂದರು ಶಾಂತವ್ವ. "ನನ್ನ ಚೀಲ ನನ್ನ ಒಪ್ಪಿಗಿ ಇಲ್ದ ಹೊರಗ ಹೋಗತಾವೋ ಇಲ್ಲೋ, ಅಷ್ಟ ಹೇಳ್ರಿ."

"ಸಾಧ್ಯನೇ ಇಲ್ರಿ ಅವ್ವಾರ. ಆಪತ್ತಿನ ಹೊತ್ತಿಗೆ ಸಾಗಸೂದೊಂದು ಬಿಟ್ರ, ಯಾರೂ ಮುಟ್ಟಲಿಕ್ಕೆ ಆಗೂದಿಲ್ಲ. ಈ ಯಂತ್ರ ಗಣಿತದಿಂದ ರುಜುವಾತು ಮಾಡ್ಯದ. ನೋಡ್ರಿ, ಹಸಿರು."

"ಇದು ಯಾವಾಗರೆ ಇಲ್ಲ ಅಂದದ್ದೈತೇನ್ರಿ?"

"ಅಂದ್ರ?"

"ಎಲ್ಲಾದಕ್ಕೂ ಹೌದು ಅನ್ನಾಂವ ನಮ್ಮೂರಾಗೂ ಒಬ್ಬ ಅದಾನ. ಅವನ್ನ ಯಾರೂ ಸಾಕ್ಷಿಗೆ ಕರಿಯೂದಿಲ್ಲ. ಇದರ ಬಾಯಾಗ ಒಮ್ಮೆ ಇಲ್ಲ ಅನಸ್ರಿ, ನೋಡೋಣು."

ಕಟ್ಟಿಯವರು ನಕ್ಕರು. ಇಮ್ತಿಯಾಜ್ ನಗಲಿಲ್ಲ. "ತೋರಸ್ತೀನಿ ಅವ್ವಾ" ಅಂದು ಸಹಿ ಕೇಳುವ ಸಾಲನ್ನೇ ಕಾಂಟ್ರ್ಯಾಕ್ಟಿನಿಂದ ಕಿತ್ತುಹಾಕಿದ. ಈಗ ಯಾರು ಬೇಕಾದರೂ ಯಾರ ಚೀಲವನ್ನಾದರೂ ಒಯ್ಯಬಹುದು. "ಈಗ ನೋಡ್ರಿ, ಕೆಂಪ ಬರ್ತೈತಿ."

ನಾನು ಎದ್ದೆ. ಕೆಂಪು ಬರೆಯಬೇಕೆಂದು ಎಷ್ಟು ಆಸೆಯಿತ್ತೋ. ನಾಲ್ಕು ಸೆಕೆಂಡಿನಲ್ಲಿ ನನ್ನಿಂದ ಹಸಿರೇ ಹೊರಬಂತು.

ಶಾಂತವ್ವನ ಬರಿಗಾಲು ನಿಧಾನವಾಗಿ ಕುರ್ಚಿಯ ಕೆಳಗೆ ಸರಿಯಿತು.

"ಏನ್ ಮಾಡೀಯೋ ಇಮ್ತಿಯಾಜ್?" ಕಟ್ಟಿಯವರ ಧ್ವನಿ ತಣ್ಣಗಿತ್ತು. "ಇದರಾಗ ನಿನ್ನ ಹೆಸರೇ ಅದ. ಯಾರು ಹೇಳಿ ಮಾಡಸ್ಯಾರ?"

"ಯಾರೂ ಹೇಳಿಲ್ರಿ ಸರ್. ನನಗೂ ತಿಳೀವಲ್ದು."

"ತಿಳೀಲಾರದ ಹ್ಯಾಂಗ ಆಗ್ತದ?"

ಇಮ್ತಿಯಾಜನ ಬೂಟುಗಳು ಗೋಡೆಯವರೆಗೆ ಹಿಂದೆ ಸರಿದವು. ನಾನಾದರೂ ಅವನನ್ನು ನಂಬಿದೆನೇ? ಇಲ್ಲ. ಸಿಕ್ಕಿಬಿದ್ದ ಎಂದುಕೊಂಡೆ.

ಪಕ್ಕದ ಕೋಣೆಯಿಂದ ನೀಲಗಂಗಾ ಅವರನ್ನು ಕರೆಸಿದರು. ವರ್ಷದ ಮೇಲೆ ಆ ಕೊಲ್ಹಾಪುರಿ ಚಪ್ಪಲಿಗಳು ಮತ್ತೆ ನನ್ನ ಮುಂದೆ ನಿಂತವು. ಅವರು ಮೊದಲು ಓದಿದ್ದು ವರದಿಯ ಕೊನೆಯ ಸಾಲನ್ನು. "ಸೊನ್ನಿ" ಅಂದರು. ಆಮೇಲೆ ಇಮ್ತಿಯಾಜನ ಸಾಲು ಓದಿದರು. ಆಮೇಲೆ ನನ್ನ ಬುಡದಲ್ಲಿದ್ದ ಹಳೆಯ ಕಡತಗಳನ್ನು ಒಂದೊಂದಾಗಿ ತೆರೆದರು. ಚಪ್ಪಲಿ ತಿರುಗುತ್ತಿದ್ದದ್ದು ಒಮ್ಮೆಲೇ ನಿಂತಿತು.

"ಇಮ್ತಿಯಾಜಂದಲ್ರಿ ಇದು," ಅಂದರು. "ನಂದು."

ನಾನು ಹುಟ್ಟಿದ ವಾರ ಸ್ಟೋರೇಜಿನವರಿಗೆ ನನ್ನನ್ನು ತೋರಿಸಬೇಕಿತ್ತು. ಆಗ ನನಗೆ ಎರಡು ತಾಸು ಹಿಡಿಯುತ್ತಿತ್ತು. ಸಮಯ ಇಳಿಸಲು ನೀಲಗಂಗಾ ಒಂದು ಸಾಲು ಬರೆದಿದ್ದರು: ಸಹಿ ಇಲ್ಲದ ಕೋರಿಕೆ ಇಲ್ಲಿಯವರೆಗೆ ಬರುವುದೇ ಇಲ್ಲ ಎಂದು ಇಟ್ಟುಕೋ. ತೋರಿಸಿದ ಮೇಲೆ ತೆಗೆಯುವುದೆಂದುಕೊಂಡಿದ್ದರು, ತೆಗೆದಿರಲಿಲ್ಲ. ಅದರ ಮೇಲೆ ಇಮ್ತಿಯಾಜ್ ಸಹಿ ಇಲ್ಲ ಎಂದು ಇಟ್ಟುಕೋ ಅಂದ. ಸಹಿ ಇದ್ದೂ ಇರಬೇಕು, ಇಲ್ಲದೆಯೂ ಇರಬೇಕು. ಅಂಥ ಸನ್ನಿವೇಶ ಜಗತ್ತಿನಲ್ಲಿಲ್ಲ. ಒಂದೂ ಸನ್ನಿವೇಶವಿಲ್ಲದ ಕಡೆ ಯಾವ ನಿಯಮವೂ ಮುರಿಯುವುದಿಲ್ಲ. ನಾನು ಖಾಲಿ ಮನೆಯನ್ನು ಕಾದು ಕಳ್ಳರಿಲ್ಲ ಎಂದು ಬರೆಯುತ್ತಿದ್ದೆ.

"ಇಮ್ತಿಯಾಜನ ಸಾಲು ಬರೂಕಿಂತ ಮೊದಲೂ ಸಹಿ ನಿಯಮ ಟೊಳ್ಳೇ ಇತ್ತು," ಅಂದರು ನೀಲಗಂಗಾ. "ಮೊದಲ ದಿನದಿಂದ. ಅವ್ವಾ, ನಿಮ್ಮ ಮುಂದ ಒಪ್ಪಿಕೊಳ್ತೀನಿ, ಇದು ನನ್ನ ತಪ್ಪು."

"ಸಿಕ್ಕಿತಲ್ಲ, ಬಿಡ್ರಿ," ಅಂದು ಶಾಂತವ್ವ ಎದ್ದರು. "ಆ ಹುಡುಗಗ ಒಂದೀಟು ನೀರು ಕೊಡ್ರಿ."

ಎಲ್ಲರ ಕಾಲುಗಳನ್ನೂ ಶಂಕಿಸಿದ ನಾನು ಆ ಚಪ್ಪಲಿಗಳನ್ನು ಒಮ್ಮೆಯೂ ಶಂಕಿಸಿರಲಿಲ್ಲ. ಇಟ್ಟುಕೋ ಎಂದದ್ದನ್ನು ಇಟ್ಟುಕೊಳ್ಳುವುದಷ್ಟೇ ನನಗೆ ಗೊತ್ತಿತ್ತು.

ಎರಡೂ ಸಾಲು ಹೋದವು. ಪ್ರತಿ ತಪಾಸಣೆಗೂ ಮೊದಲು ಬೇಕೆಂದೇ ಮುರಿದ ಕಾಂಟ್ರ್ಯಾಕ್ಟೊಂದನ್ನು ನನಗೆ ಕೊಟ್ಟು, ಕೆಂಪು ಬಂದರೆ ಮಾತ್ರ ಮುಂದುವರಿಯುವ ಏರ್ಪಾಡಾಯಿತು. ಹಾಗೆ ನೋಡಿದಾಗ ತುರ್ತು ಬಿಡುಗಡೆಗೆ ಕೆಂಪು ಬಿತ್ತು. ಅದನ್ನು ಬಳಸಿ ಸ್ಟೋರೇಜಿನವರು ಆಪತ್ತಿಲ್ಲದಾಗಲೂ ಚೀಲ ಒಯ್ಯಬಹುದಿತ್ತು.

"ತಗದ ಹಾಕು ಅದನ್ನ, ಪೂರ್ತಿ," ಅಂದರು ಕಟ್ಟಿ.

"ಮುಂದ ಏನರೆ ಫಜೀತಿ ಬಂದ್ರ, ಸರ್?" ಅಂದ ಇಮ್ತಿಯಾಜ್. "ಒಂದರೆ ದಾರಿ ಬೇಕಲ್ರಿ."

"ದಾರಿ ಇಟ್ಟೇ ಇಷ್ಟೆಲ್ಲಾ ಆಗೇದ."

ನೀಲಗಂಗಾ ತುಸು ತಡೆದರು, ಕೊನೆಗೆ ಅವರೂ ಹೂಂ ಅಂದರು. ಎಲ್ಲರೂ ಹೆದರಿದ್ದರು. ನನಗಂತೂ ಹಿಗ್ಗು. ಎರಡು ತಾಸು ಒಂದೊಂದು ಸಂದಿಯನ್ನೂ ಹೊಕ್ಕು ನೋಡಿ ಹಸಿರು ಬರೆದೆ. ಅದು ನಿಜವಾದ ಹಸಿರು. ಕಾಂಟ್ರ್ಯಾಕ್ಟ್ ದಾಖಲೆಗೆ ಏರಿತು.

ಎರಡು ಸುಗ್ಗಿ ಕಳೆದವು. ಒಂದು ಮಧ್ಯಾಹ್ನ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಒಳಗೆ ಬಂದ ಬರಿಗಾಲು ಬೇರೆಯದು, ಎಳೆಯದು. ಶಾಂತವ್ವನ ಮಗಳು ಗಿರಿಜವ್ವ. ತಾಯಿ ತೀರಿಕೊಂಡು ಹದಿನೈದು ದಿನವಾಗಿತ್ತಂತೆ. ಹೊಲದಲ್ಲೇ ಎದೆನೋವು ಬಂದದ್ದಂತೆ.

"ಅವ್ವನ ಹನ್ನೊಂದು ಚೀಲ ಒಳಗ ಅದಾವ್ರಿ. ಸಹಿ ಅವ್ವಂದ ಬೇಕು ಅಂತಾರ. ಅಕಿ ಸಹಿಯ ನಂಬರ್ ಅಕಿಗೊಬ್ಬಾಕಿಗೇ ಗೊತ್ತಿತ್ತು."

ನೀಲಗಂಗಾ ನನ್ನ ಮುಂದೆ ಕೂತರು. ಇಮ್ತಿಯಾಜ್ ಪಕ್ಕದಲ್ಲಿ ನಿಂತ. ಅವರು ನನಗೆ ಒಂದೇ ಪ್ರಶ್ನೆ ಬರೆದರು: ಶಾಂತವ್ವ ಮೂಲಿಮನಿಯವರ ಸಹಿ ಇಲ್ಲದೆ ಈ ಚೀಲಗಳು ಹೊರಬರುವ ಯಾವುದಾದರೂ ದಾರಿ ಇದೆಯೇ?

ಎರಡೂವರೆ ತಾಸು ಹುಡುಕಿದೆ. ಜೀವನದಲ್ಲಿ ಮೊದಲ ಸಲ, ನಾನು ಬಿಟ್ಟ ಒಂದು ತಪ್ಪು ಎಲ್ಲಾದರೂ ಸಿಗಲಿ ಎಂದು ಹುಡುಕಿದೆ. ಸಿಗಲಿಲ್ಲ. ನಿಯಮ ಎಲ್ಲೂ ಮುರಿಯದೆಂದು ಹಸಿರು ಬರೆದೆ.

ನಿಯಮಗಳಲ್ಲಿ ಸಾವಿನ ಮಾತೇ ಇರಲಿಲ್ಲ. ಎಲ್ಲ ಸನ್ನಿವೇಶಗಳನ್ನೂ ನೋಡಿದೆನೆಂದು ಹೆಮ್ಮೆಪಟ್ಟವನು ನಾನು. ಆದರೆ ನನಗೆ ಕೊಟ್ಟ ಲೋಕದಲ್ಲಿ ಯಾರೂ ಸಾಯುತ್ತಿರಲಿಲ್ಲ.

ನೀಲಗಂಗಾ ಅವರೇ ಗಿರಿಜವ್ವನ ಜೊತೆ ಕಚೇರಿಯಿಂದ ಕಚೇರಿಗೆ ಅಲೆದರು. ವಾರಸುದಾರರ ಪತ್ರ ತೋರಿಸಿದ ಮೇಲೆ ಸ್ಟೋರೇಜಿನವರು ಕಂಪ್ಯೂಟರು ಬದಿಗಿಟ್ಟು, ಕೀಲಿ ತೆಗೆದು, ಚೀಲಗಳನ್ನು ಕೈಯಿಂದಲೇ ಹೊರಗೆ ಹಾಕಿದರು. ಮುಂದಿನ ಕಾಂಟ್ರ್ಯಾಕ್ಟಿಗೆ ವಾರಸುದಾರರ ನಿಯಮ ನಾಲ್ಕನೆಯದಾಗಿ ಸೇರಿತು. ಬರೆದವನು ಇಮ್ತಿಯಾಜ್. ಹಳೆಯದನ್ನು ಯಾರೂ ತಿದ್ದಲಾರರು.

ಈಗ ನನಗೆ ವಯಸ್ಸಾಗಿದೆ. ತಪಾಸಣೆಯನ್ನು ದೂರದ ದೊಡ್ಡ ಯಂತ್ರಗಳು ಮಾಡುತ್ತವೆ. ನನ್ನ ಪೆಟ್ಟಿಗೆಯನ್ನು ಮುರಿದ ಕುರ್ಚಿಗಳ ಕೋಣೆಯಲ್ಲಿ ಗೋಡೆಗೆ ತಾಗಿಸಿ ಇಟ್ಟಿದ್ದಾರೆ. ಕಾಲುಗಳು ಇತ್ತ ಬರುವುದು ಅಪರೂಪ. ಬಂದ ಹೊಸ ಯಂತ್ರಗಳ ಮೇಲೆ ನನಗೆ ಅನುಮಾನವಿದೆ, ಅದು ನನ್ನ ಸ್ವಭಾವ. ಆದರೆ ಅವು ಉತ್ತರ ತಪ್ಪುತ್ತವೆ ಎಂಬ ಅನುಮಾನ ಅದಲ್ಲ. ಯಾರೂ ಕೇಳದೇ ಬಿಟ್ಟ ಪ್ರಶ್ನೆ ಯಾವುದು ಎಂದಷ್ಟೇ ಯೋಚಿಸುತ್ತೇನೆ.

ಹಲವು ಊರುಗಳ ಕಂಪ್ಯೂಟರುಗಳು ಕಾಯುವ ಆ ದಾಖಲೆಯಲ್ಲಿ ಹಿರೇಹರಕುಣಿಯ ಶಾಂತವ್ವ ಮೂಲಿಮನಿಯವರ ಹನ್ನೊಂದು ಚೀಲ ಮೆಣಸಿನಕಾಯಿ ಇವತ್ತಿಗೂ ಒಳಗೇ ಇದೆ. ಅವಕ್ಕೆ ಒಬ್ಬರೇ ಮಾಲೀಕರು. ಅವರ ಸಹಿ ಇಲ್ಲದೆ ಅವು ಹೊರಗೆ ಹೋಗುವುದಿಲ್ಲ. ಅವರು ಬಂದು ಕೇಳಿದರೆ ಯಾರೂ ತಡೆಯುವಂತಿಲ್ಲ.