ಏಳು ಗುಳಿಯ ಮಣೆ

ಕಲಾಯಿ ಹಾಕುವ ಹಿದಾಯತ್ ಉಲ್ಲಾನ ಮಗಳು ತಾಹಿರಾ ಮೂರು ದಿನದಿಂದ ಸ್ಕೂಲಿನ ಕಡೆ ತಲೆ ಹಾಕಿರಲಿಲ್ಲ. ಜಗಲಿಯಲ್ಲಿ ಅರಿಸಿನದ ಕೊಂಬು ಆರಿಸುತ್ತಿದ್ದ ಪಕ್ಕದ ಮನೆಯ ಗುರುಮಲ್ಲಮ್ಮ ಇದನ್ನು ಗಮನಿಸಿದ್ದಳು.

"ಯಾಕಮ್ಮಿ, ನಿಮ್ ಸ್ಕೂಲ್ಗೆ ಬೀಗ ಜಡ್ದ್‌ಬುಟ್ರಾ?"

ಹುಡುಗಿ ಬಾಗಿಲ ಹಿಂದೆ ಸರಿದಳು. ತಾಯಿ ಅಜೀಜಾ ಹೊರಗೆ ಬಂದಳು.

"ಐದಕ್ಕೆ ಎರಡು ಕೂಡಿದ್ರೆ ಎಷ್ಟು ಅಂತ ಮೇಷ್ಟ್ರು ಕೇಳಿದ್ರಂತೆ ಅಕ್ಕ. ಹುಡುಗ್ರೆಲ್ಲ 'ಏಳು' ಅಂತ ಕೂಗಿದ್ರಂತೆ. ಇವಳು ಎದ್ದು ನಿಂತ್ಬಿಟ್ಟಳಂತೆ! ಎಲ್ಲಾ ನಕ್ರಂತೆ, ಇವಳು ಇನ್ನು ಹೋಗಲ್ಲ ಅಂತಾಳೆ. ಸೋಮವಾರದ ತನಕ ನೋಡಿ ಸ್ಕೂಲು ಬಿಡಿಸ್ಬಿಡ್ತೀನಿ ಅಂತಾರೆ ಇವರಪ್ಪ."

ಗುರುಮಲ್ಲಮ್ಮನಿಗೆ ನಗು ಬಂತು. ಹುಡುಗಿಯ ಮುಖ ನೋಡಿ ನುಂಗಿಕೊಂಡಳು. ಮನೆಯಲ್ಲಿ ಏಕ್, ದೋ, ತೀನ್ ಎಂದು ಎಣಿಸುವ ಮಗು. ಮೈಸೂರು ರೈಲು ಕೂಗಿದ ಕೂಡಲೇ ಗೋಡೆಯಾಚೆಯಿಂದ "ಏಳಮ್ಮಿ, ರೈಲು ಬಂತು" ಎಂದು ದಿನಾ ಅದನ್ನು ಎಬ್ಬಿಸುತ್ತಿದ್ದವಳು ತಾನೇ. ಆ 'ಏಳು' ಕಲಿಸಿದವಳೂ ತಾನೇ ಆದಳಲ್ಲ!

ಬೈದು ಕಳಿಸಿದರೆ ಕಾಲು ಹೋದೀತು, ತಲೆ ಮನೆಯಲ್ಲೇ ಉಳಿದೀತು. ನಾಲ್ಕು ಮಕ್ಕಳನ್ನು ಸಾಕಿದ ಗುರುಮಲ್ಲಮ್ಮನಿಗೆ ಅಷ್ಟು ಗೊತ್ತಿತ್ತು. ಒಳಗೆ ಹೋಗಿ ಅಟ್ಟದ ಮೇಲಿದ್ದ ಅಳಗುಳಿ ಮಣೆಯನ್ನೂ ಒಂದು ಬೊಗಸೆ ಹುಣಸೆ ಬೀಜವನ್ನೂ ತಂದಳು.

"ಬಾರಮ್ಮಿ, ನಂಗೆ ಆಡಕ್ಕೆ ಜತೆ ಇಲ್ಲ. ನಿನ್ ಕಡೆ ಗುಳಿ ಎಣ್ಸು."

"ಏಕ್, ದೋ…"

"ನಿನ್ ಲೆಕ್ಕ ನಂಗ್ ಬರಾಕಿಲ್ಲ. ನೀ ನಂಗೆ ಕಲ್ಸು, ನಾ ನಿಂಗೆ ಕಲಿಸ್ತೀನಿ."

ಏಕ್ ಅಂದರೆ ಒಂದು, ದೋ ಅಂದರೆ ಎರಡು ಎನ್ನುತ್ತಾ ಇಬ್ಬರೂ ಕೊನೆಯ ಗುಳಿಗೆ ಬಂದರು.

"ಸಾತ್‌ಗೆ ನಾವು ಏಳು ಅಂತೀವಿ. ಎಲ್ಲಿ, ಅನ್ನು."

ಹುಡುಗಿ ಅತ್ತಿತ್ತ ನೋಡಿ ಪಿಸುಗುಟ್ಟಿದಳು. "ಏಳು."

ಗುರುಮಲ್ಲಮ್ಮ ದಡಕ್ಕನೆ ಎದ್ದು ನಿಂತಳು.

"ಯಾಕಜ್ಜಿ ಎದ್ದೆ?"

"ನೀನೇ ಏಳು ಅಂದ್ಯಲ್ಲಮ್ಮಿ!"

ತಾಹಿರಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕುಂತ್ಕೊ ಅಜ್ಜಿ! ಇದು ಎಣ್ಸೋ ಏಳು!"

ಅವತ್ತು ಗುರುವಾರ. ಭಾನುವಾರ ಸಂಜೆಯ ಹೊತ್ತಿಗೆ ಹುಡುಗಿ ಇಪ್ಪತ್ತರ ತನಕ ತಡವರಿಸದೆ ಎಣಿಸುತ್ತಿದ್ದಳು, ಗುಳಿಯ ಬೀಜ ಕೂಡಿ ಕಳೆದು ಅಜ್ಜಿಯನ್ನೇ ಸೋಲಿಸುತ್ತಿದ್ದಳು. ಏಳು ಬಂದಾಗಲೆಲ್ಲ ಎದ್ದೂ ಎದ್ದೂ ಗುರುಮಲ್ಲಮ್ಮನ ಮೊಣಕಾಲು ಹಿಡಿದುಕೊಂಡಿತ್ತು.

"ಲೆಕ್ಕ ಅವಳಿಗೆ, ನೋವು ನಿಮಗೆ," ಎಂದು ಅಜೀಜಾ ಹರಳೆಣ್ಣೆ ಬಿಸಿ ಮಾಡಿ ತಂದುಕೊಟ್ಟಳು.

ಸೋಮವಾರ ತಾಹಿರಾ ಸ್ಲೇಟು ಹಿಡಿದು ತಾನಾಗಿಯೇ ಹೊರಟಳು. ಗುರುಮಲ್ಲಮ್ಮ ಜೊತೆಗೆ ಹೋಗಿ ಸ್ಕೂಲಿನ ಕಿಟಕಿಯ ಹೊರಗೆ ನಿಂತಳು. ನೀಲಕಂಠಸ್ವಾಮಿ ಮೇಷ್ಟ್ರು ಕುರ್ಚಿಯಿಂದಲೇ ಕೇಳಿದರು.

"ಒಂಬತ್ತರಲ್ಲಿ ಎರಡು ಕಳೆದರೆ? ತಾಹಿರಾ, ನೀ ಹೇಳು."

ಹಿಂದಿನ ಸಾಲಿನ ಹುಡುಗರು ಆಗಲೇ ಕಿಸಕ್ಕೆಂದರು. ಗುರುಮಲ್ಲಮ್ಮ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದಳು. ತಾಹಿರಾ ಎದ್ದು ನಿಂತು ಗಟ್ಟಿಯಾಗಿ ಹೇಳಿದಳು.

"ಏಳು!"

ಸರಿ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆಯಲು ಕುರ್ಚಿಯಿಂದ ಎದ್ದರು.

"ನೀವ್ ಏಳ್ಬೇಡಿ ಮೇಷ್ಟ್ರೇ! ಇದು ಎಣ್ಸೋ ಏಳು!" ಎಂದಳು ತಾಹಿರಾ.

ತರಗತಿ ಗೊಳ್ಳೆಂದಿತು. ಮೇಷ್ಟ್ರು ನಗುತ್ತಾ ಮತ್ತೆ ಕುರ್ಚಿಯಲ್ಲಿ ಕುಸಿದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ತಾಹಿರಾ.

ಗುರುಮಲ್ಲಮ್ಮ ಸರಳು ಬಿಟ್ಟು, ಕುಂಟುತ್ತಾ, ಅರಿಸಿನ ಆರಿಸಲು ಮನೆ ಕಡೆ ಹೊರಟಳು.