ಅಂಗಡಿ ತೆರೆದದ್ದು ಸುದ್ದಿಯಲ್ಲ

ದಕ್ಷಿಣ ಕೊರಿಯಾದ ತೊಂಗ್ಯೊಂಗ್ ಬಂದರಿನಲ್ಲಿ ಅಣ್ಣ ಜೇದೊಲ್ ಒಣ ನೆತ್ತಿಲಿ ಮೀನನ್ನು ಆನ್‌ಲೈನಿನಲ್ಲಿ ಮಾರಲು ಶುರುಮಾಡಿದಾಗ, ಪತ್ರಿಕೆಗಳಲ್ಲಿ ಬರುವಂತೆ ಮಾಡುವುದು ನನ್ನ ಹೊಣೆ ಎಂದಿದ್ದಳು ಹ್ಯೆರಿಮ್. ರಾಜಧಾನಿ ಸಿಯೋಲ್‌ನಲ್ಲಿ ಕಂಪನಿಗಳಿಗೆ ಪತ್ರಿಕಾ ಪ್ರಕಟಣೆ ಬರೆದುಕೊಡುವುದೇ ಅವಳ ಕಸುಬು. ಆದರೆ ಅಣ್ಣನಿಗಾಗಿ ಬರೆದದ್ದು ಎಲ್ಲೂ ಅಚ್ಚಾಗಲಿಲ್ಲ. ರಜೆ ಹಾಕಿ ಊರಿಗೆ ಬಂದವಳು ಅಣ್ಣನ ಗೋದಾಮಿನಲ್ಲಿ ಕೂತಲ್ಲಿ ಕೂರಲಾರದೆ ಶತಪಥ ತಿರುಗಿ, ಪರಿಚಯದ ಸಂಪಾದಕನೊಬ್ಬನಿಗೆ ಫೋನ್ ಮಾಡಿದಳು.

“ಅಂಗಡಿ ತೆರೆದಿದ್ದು ಸುದ್ದಿ ಅಲ್ಲಮ್ಮ. ಒಣಮೀನು ಯಾರು ಬೇಕಾದ್ರೂ ಮಾರ್ತಾರೆ. ನಿಮ್ಮಣ್ಣ ಯಾರು, ಯಾಕೆ ಮಾರ್ತಿದಾನೆ, ಅದನ್ನ ಹೇಳು,” ಎಂದ ಆತ.

ಹ್ಯೆರಿಮ್ ಬೇಕೆಂದೇ ಬಿಟ್ಟಿದ್ದು ಅದನ್ನೇ. ಕೆಲವು ಚಳಿಗಾಲಗಳ ಹಿಂದೆ ಅಣ್ಣನ ದೋಣಿ ಮಗುಚಿತ್ತು. ಅವನು ಬದುಕಿದ, ಜೊತೆಗಿದ್ದ ತಾಕ್ ಚಿಲ್‌ಬೊಕ್ ಬದುಕಲಿಲ್ಲ. ಆಮೇಲೆ ಅಣ್ಣ ಕಡಲಿಗಿಳಿಯಲೇ ಇಲ್ಲ. ಬೇರೆಯವರು ಹಿಡಿದದ್ದನ್ನು ಡಬ್ಬಿಗೆ ತುಂಬಿ ಮಾರುತ್ತಾನೆ.

ಬರೆದಳು, ಅಳಿಸಿದಳು. ದೋಣಿ ಕಟ್ಟುವ ದಕ್ಕೆಯವರೆಗೂ ಹೋಗಿ ಬಂದು ಮತ್ತೆ ಬರೆದಳು. ಕೊನೆಗೆ ಅಣ್ಣನ ಕೈಗೇ ಕೊಟ್ಟಳು. ಅವನು ನಿಂತೇ ಓದಿದ. ಕಿವಿ ಕೆಂಪಾಯಿತು.

“ಸತ್ತವನನ್ನ ಮುಂದಿಟ್ಕೊಂಡು ಮೀನು ಮಾರ್ಬೇಕೇನೇ?”

“ಬೇಡ ಅಂದ್ರೆ ಹರಿದು ಹಾಕ್ತೀನಿ ಅಣ್ಣ.”

“ನನ್ನ ಕೇಳಿ ಏನು ಬಂತು? ಕೇಳ್ಬೇಕಾಗಿದ್ದು ಯೊಂಗ್‌ಶಿಮ್‌ನ.”

ಯೊಂಗ್‌ಶಿಮ್ ಚಿಲ್‌ಬೊಕ್‌ನ ಹೆಂಡತಿ. ಮಾರುಕಟ್ಟೆಯ ಹಿಂದೆ ಅನ್ನದ ಸುರುಳಿ, ಖಾರದ ಸ್ಕ್ವಿಡ್ ಮಾರುವ ಪುಟ್ಟ ಅಂಗಡಿ ಅವಳದು. ಗಂಡನ ಅಂತ್ಯಕ್ರಿಯೆಯಾದಂದಿನಿಂದ ಜೇದೊಲ್ ಆ ಬೀದಿ ತುಳಿದಿರಲಿಲ್ಲ. ಈಗ ತಂಗಿ ಮುಂದೆ, ಅವನು ಹಿಂದೆ ಅಲ್ಲಿಗೆ ಹೊರಟರು.

“ಓಹೋ, ಬಂದ್ಯಾ ಮಾರಾಯ! ನನ್ನ ಅಂಗಡಿಗೇನು ರೋಗ ಬಡಿದಿತ್ತಾ, ಊರೆಲ್ಲ ಸುತ್ತಿ ಹೋಗ್ತಿದ್ಯಲ್ಲ?” ಎಂದಳು ಯೊಂಗ್‌ಶಿಮ್.

ಅವಳ ಕೈಯೆಲ್ಲ ಮೆಣಸಿನ ಮಸಾಲೆ. ಹ್ಯೆರಿಮ್ ಕಾಗದ ಹಿಡಿದು ನಿಂತಳು, ಯೊಂಗ್‌ಶಿಮ್ ಕತ್ತು ಚಾಚಿ ಓದಿದಳು.

“ಇದೇನಿದು, ‘ಒಬ್ಬ ಸಂಗಾತಿ’? ಅವರಿಗೆ ಹೆಸರಿರ್ಲಿಲ್ವಾ?”

“ನಿಮಗೆ ನೋವಾಗುತ್ತೆ ಅಂತ…”

“ನನ್ನೆದುರು ಯಾರೂ ಆ ಹೆಸರು ಎತ್ತಲ್ಲ ಕಣೇ. ಬಾಯಿ ತಪ್ಪಿ ಬಂದ್ರೂ ಕೆಮ್ಮಿ ನುಂಗ್ಬಿಡ್ತಾರೆ. ಹೆಸರು ಹಾಕಿ ಬರಿ. ದೋಣಿ ಮೇಲೆ ಅಪಸ್ವರದಲ್ಲಿ ಕಿರುಚಿ ಹಾಡ್ತಿದ್ರು ಅಂತಾನೂ ಬರಿ.”

“ಮೀನೆಲ್ಲ ಜಪಾನಿಗೆ ಓಡಿಹೋಗ್ತಿದ್ವು,” ಎಂದ ಜೇದೊಲ್. ನಗಲು ಹೋದವನು ಸ್ಟೂಲಿನ ಮೇಲೆ ಕುಸಿದು ಅತ್ತ. ಯೊಂಗ್‌ಶಿಮ್ ಅವನ ಮುಂದೆ ತಟ್ಟೆಯಿಟ್ಟು, ಬೇರೆ ಗಿರಾಕಿಗಳತ್ತ ತಿರುಗಿದಳು.

ಹ್ಯೆರಿಮ್ ಹೆಸರು ಹಾಕಿಯೇ ಕಳಿಸಿದಳು. ಪತ್ರಿಕೆ ಅಚ್ಚು ಹಾಕಿತು: ‘ಕಡಲನ್ನು ಗೆದ್ದ ಮೀನುಗಾರ ಈಗ ಆನ್‌ಲೈನ್ ವ್ಯಾಪಾರಿ’. ಚಿಲ್‌ಬೊಕ್‌ನ ಹೆಸರೂ ಇಲ್ಲ, ಹಾಡೂ ಇಲ್ಲ. ಹ್ಯೆರಿಮ್ ಸಂಪಾದಕನ ಮೇಲೆ ಹರಿಹಾಯ್ದಳು.

“ಜಾಗ ಇರ್ಲಿಲ್ಲಮ್ಮ. ಬಿಟ್ಟಿ ಹಾಕಿದೀವಲ್ಲ, ಖುಷಿಪಡು,” ಎಂದು ಆತ ಫೋನ್ ಇಟ್ಟುಬಿಟ್ಟ.

ಅಷ್ಟರಲ್ಲಿ ಆರ್ಡರುಗಳು ಸುರಿಯತೊಡಗಿದ್ದವು. ಗೋದಾಮಿನ ಫೋನ್ ಬಡಿದುಕೊಂಡಾಗ, ಎಂದೂ ಎತ್ತದ ಜೇದೊಲ್ ತಾನೇ ಎತ್ತಿದ.

“ಹೌದು, ಪೇಪರಲ್ಲಿ ಬಂದಿರೋನು ನಾನೇ. ಆದ್ರೆ ನಾನು ಏನನ್ನೂ ಗೆದ್ದಿಲ್ಲ. ನಾವಿಬ್ರಿದ್ವಿ. ಇನ್ನೊಬ್ಬ ತಾಕ್ ಚಿಲ್‌ಬೊಕ್ ಅಂತ. ಅವನು ವಾಪಸ್ ಬರ್ಲಿಲ್ಲ… ಸಾರು ಮಾಡೋಕೆ ದೊಡ್ಡ ನೆತ್ತಿಲಿ ಕಳಿಸ್ಲಾ?”

ಮುಂದಿನ ಕರೆಗೂ ಅದೇ ಮಾತು. ಕೆಲವರು ಗಾಬರಿಯಾಗಿ ಫೋನ್ ಇಟ್ಟರು, ಕೆಲವರು ಪೂರ್ತಿ ಕೇಳಿಸಿಕೊಂಡರು.

“ಅಣ್ಣ, ಗಿರಾಕಿ ಓಡಿಹೋಗ್ತಾರೆ.”

“ಹೋಗೋರು ಹೋಗ್ಲಿ ಬಿಡು.”

ಮರುದಿನ ಸಿಯೋಲ್‌ಗೆ ಹೊರಟ ಬಸ್ಸಿನಲ್ಲಿ ಹ್ಯೆರಿಮ್ ಲ್ಯಾಪ್‌ಟಾಪ್ ತೆರೆದಳು. ಆನ್‌ಲೈನ್ ಚಪ್ಪಲಿ ಅಂಗಡಿಯೊಂದಕ್ಕೆ ಸಂಜೆಯೊಳಗೆ ಪ್ರಕಟಣೆ ಬೇಕಾಗಿತ್ತು. ‘ಸಂಸ್ಥಾಪಕರ ಕಥೆ’ ಎಂದು ಟೈಪಿಸಿದಳು. ಅಳಿಸಿದಳು. ಫೋನ್ ತೆಗೆದು ಆ ಅಂಗಡಿಯವನ ನಂಬರು ಒತ್ತಿ, “ಅಂಗಡಿ ಶುರುಮಾಡ್ದಾಗ ನಿಮ್ಜೊತೆ ಇನ್ನೂ ಯಾರ್ಯಾರಿದ್ರು?” ಎಂದು ಕೇಳಿದಳು.